ಕಿಡಿಯ ಕೇಳಿದ ರೊಟ್ಟಿ

ತಿಕೋಟಾದ ನಂದಕಿಶೋರನ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಹೆಂಗಸರ ಸಾಲಿನಲ್ಲಿ ಬಾಗಿಲ ಹತ್ತಿರದ ಜಾಗ ದಾವಲಬಿಯದು. ಅದನ್ನು ಅವಳಿಗೆ ಯಾರೂ ಬರೆದು ಕೊಟ್ಟಿರಲಿಲ್ಲ. ಆದರೂ ಹೊಸದಾಗಿ ಬಂದವಳು ತಿಳಿಯದೆ ಅಲ್ಲಿ ಕುಳಿತರೆ ಉಳಿದವರೇ "ಏಳ ಬೇ, ಅದು ಚಾಚಿ ಜಾಗಾ" ಎಂದು ಎಬ್ಬಿಸುತ್ತಿದ್ದರು. ಬಾಗಿಲ ಬಳಿ ಬೆಳಕು ಚೆನ್ನಾಗಿ ಬೀಳುತ್ತದೆ, ರಸ್ತೆಯೂ ಕಾಣುತ್ತದೆ. ಹಣ್ಣಿನೊಳಗಿನ ಕಡ್ಡಿ, ಕಪ್ಪು ಬೇರೆ ಮಾಡಲು ಬೆಳಕು ಬೇಕು. ರಸ್ತೆ ಬೇಕಾದದ್ದು ತಮ್ಮನಿಗಾಗಿ.

ತಮ್ಮನ ಹೆಸರು ಅಬ್ದುಲಸಮದ. ತಾಯಿ ಸತ್ತಾಗ ಅವನಿನ್ನೂ ತೊಟ್ಟಿಲ ಕೂಸು. ದಾವಲಬಿ ಅವನನ್ನು ಬಗಲಲ್ಲಿ ಹೊತ್ತುಕೊಂಡೇ ಬೆಳೆದಳು. ಶಾಲೆಯ ಹೊಸ್ತಿಲು ತುಳಿಯದೆ ಉಳಿದದ್ದಕ್ಕೂ ಅದೇ ಕಾರಣ. ಮೀಸೆ ಮೂಡುವ ವಯಸ್ಸಿಗೆ ಹುಡುಗ ಒಣದ್ರಾಕ್ಷಿ ಒಯ್ಯುವ ಲಾರಿಯ ಕ್ಲೀನರ ಆದ. ಒಮ್ಮೆ ಉತ್ತರದ ಕಡೆ ಹೋದ ಲಾರಿ ತಿರುಗಿ ಬಂತು, ಹುಡುಗ ಬರಲಿಲ್ಲ. "ಚಾ ಕುಡದ ಬರ್ತೇನಂತ ಇಳದಾಂವ ಬರಲೇ ಇಲ್ಲಬೇ. ಬ್ಯಾರೆ ಗಾಡಿ ಹತ್ಯಾನ ಅಂತ ತಿಳಕೊಂಡೆ" ಎಂದ ಡ್ರೈವರ. ಹುಡುಕಿದರು, ಪೊಲೀಸರಿಗೆ ಹೇಳಿದರು, ದರ್ಗಾಕ್ಕೆ ಹರಕೆ ಹೊತ್ತರು. ಈಗ ಅವನ ವಾರಿಗೆಯವರ ಮಕ್ಕಳೇ ಮೀಸೆ ತಿರುವುತ್ತಾರೆ.

ವರ್ಷಕ್ಕೊಮ್ಮೆ ಸತ್ತ ಹಿರಿಯರಿಗಾಗಿ ಮನೆಯಲ್ಲಿ ಫಾತಿಹಾ ಓದಿಸಿ, ರೊಟ್ಟಿ ಮುರಿದು ಬೆಲ್ಲ ಕಲಸಿ ಮಾಲ್ದಿ ಹಂಚುವಾಗ ದಾವಲಬಿ ಅಪ್ಪನ ಹೆಸರು ಹೇಳುತ್ತಾಳೆ, ಅವ್ವನ ಹೆಸರು ಹೇಳುತ್ತಾಳೆ, ಗಂಡನ ಹೆಸರೂ ಹೇಳುತ್ತಾಳೆ. ಸಮದನ ಹೆಸರು ಮಾತ್ರ ಬಾಯಿಂದ ಬರುವುದಿಲ್ಲ. ಓದಲು ಬಂದ ಮುಲ್ಲಾ ಒಮ್ಮೆ ಮೆಲ್ಲಗೆ ಕೇಳಿದ್ದಕ್ಕೆ, "ಜೀವಂತ ಇದ್ದವರ ಹೆಸರಲೆ ಯಾರರೆ ಮಾಲ್ದಿ ಮಾಡತಾರೇನ್ರಿ?" ಎಂದು ಒಳಗೆ ಹೋಗಿಬಿಟ್ಟಿದ್ದಳು. ಮುಂದೆ ಯಾರೂ ಕೇಳಲಿಲ್ಲ.

ಇಂಥವಳ ಬದುಕಿಗೆ ಕಿಡಿಯ ಎಂಬ ಹುಡುಗ ಬಂದದ್ದು ಶರ್ವರಿಯ ಪುಸ್ತಕದಿಂದ. ಶರ್ವರಿ ಬಿ.ಎ. ಮುಗಿಸಿ ಶೆಡ್ಡಿನಲ್ಲಿ ತೂಕ ಬರೆಯುವ ಹುಡುಗಿ. ಊಟದ ಬಿಡುವಿನಲ್ಲಿ ಮೂಲೆ ಹಿಡಿದು ಏನೋ ಓದುತ್ತ ಕೂಡುತ್ತಿದ್ದಳು. ಒಂದು ದಿನ ದಾವಲಬಿಯೇ, "ಬಾಯಿ ಬಿಟ್ಟ ಓದ ಬೇ, ನಮಗೂ ಕೇಳಲಿ. ಒಬ್ಬಾಕೀನ ತಿಂದ್ರ ಹೊಟ್ಟಿ ನೋಯತದ" ಎಂದಳು. ಅಂದು ಹಚ್ಚಿದ ಓದು ನಿಲ್ಲಲಿಲ್ಲ. ಯಾರ ಮೊಬೈಲಿನ ಹಾಡು ಹಚ್ಚಬೇಕೆಂಬ ದಿನದ ಜಗಳವೂ ಅಲ್ಲಿಗೆ ಮುಗಿಯಿತು. ಕಿವಿಗೆ ಕೆಲಸ ಕೊಟ್ಟರೆ ಕೈ ತಾನೇ ಓಡುತ್ತದೆಂದು ನಂದಕಿಶೋರನೂ ಸುಮ್ಮನಿದ್ದ.

ಪುಸ್ತಕದ ಹೆಸರು 'ಹೊಗೆಗುಡ್ಡ'. ಇಟ್ಟಂಗಿಯಷ್ಟು ದಪ್ಪದ ಮೂರು ಭಾಗ. ಒಂದು ಗುಡ್ಡದೊಳಗಿನಿಂದ ಹೊಗೆಯ ದೈತ್ಯರು ಎದ್ದು ಬಂದು ಊರೂರು ನುಂಗುತ್ತಾರೆ. ಅವರನ್ನು ತಡೆಯಲು ರಾಜರು ಹೋಗಿ ಸೋಲುತ್ತಾರೆ, ಮಂತ್ರವಾದಿಗಳು ಹೋಗಿ ಸೋಲುತ್ತಾರೆ. ಕಡೆಗೆ ಹೊರಡುವವನು ಕಮ್ಮಾರರ ಹುಡುಗ ಕಿಡಿಯ. ಅವನನ್ನು ಸಾಕಿದ ಅಕ್ಕ ಬೆಳಗಿ ದಾರಿಯುದ್ದಕ್ಕೂ ಅವನ ಬೆನ್ನ ಹಿಂದೆ ಇರುತ್ತಾಳೆ. ಕಾಳಗ ಓದಿದ ದಿನ ಕಪ್ಪು ಹಣ್ಣೆಲ್ಲ ಹಳದಿ ರಾಶಿಗೆ ಬಿದ್ದಿತ್ತು. "ಯುದ್ಧ ಇದ್ದ ದಿನ ಮಾಲ್ ಕೆಡತದ್ರೆವಾ, ಶಾಂತಿ ಇದ್ದ ಪಾಠ ಓದ್ರಿ" ಎಂದು ನಂದಕಿಶೋರ ಗೊಣಗಿದ. ಕತೆಯಲ್ಲಿ ಕಿಡಿಯನಿಗೆ ಮೋಸ ಮಾಡಿದ ರಾಣಿಗೆ ಹೆಂಗಸರು ಹಾಕಿದ ಶಾಪ ತಟ್ಟಿದ್ದರೆ ಆ ಪುಟಗಳೇ ಸುಟ್ಟು ಹೋಗಬೇಕಿತ್ತು.

ಎರಡನೆಯ ಭಾಗದ ಕೊನೆಯಲ್ಲಿ ಕಿಡಿಯ ಆ ಗುಡ್ಡದ ಗವಿಯೊಳಗೆ ಹೋದ. ಹೊಗೆ ಹೊರಬರದಂತೆ ಅದರ ಬಾಗಿಲನ್ನು ಒಳಗಿನಿಂದ ಮಾತ್ರ ಮುಚ್ಚಬಹುದಿತ್ತು. ಅಕ್ಕ ಹೊರಗೆ ನಿಂತಳು. ಪುಸ್ತಕ ಅಲ್ಲಿಗೆ ಮುಗಿಯಿತು.

ಶರ್ವರಿ ಪುಸ್ತಕ ಮಡಚಿದಾಗ ದಾವಲಬಿ ಕೈಯಲ್ಲಿನ ಹಣ್ಣು ಕೆಳಗಿಡಲಿಲ್ಲ. "ಬರತಾನ" ಎಂದಳು, ಕೇಳದವರಿಗೂ ಕೇಳುವಂತೆ. "ಅಕ್ಕ ಹೊರಗ ನಿಂತಾಳಂದ ಮ್ಯಾಲ ಬರದ ಎಲ್ಲಿ ಹೋಗತಾನ?" ಅವಳು ಯಾರ ಮಾತು ಆಡುತ್ತಿದ್ದಾಳೆಂದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ತಲೆ ತಗ್ಗಿಸಿ ಕಡ್ಡಿ ಆರಿಸಿದರು.

ಮೂರನೆಯ ಭಾಗ ಅಂಗಡಿಗೆ ಬಂದಿದೆ ಎಂದು ತಿಳಿದಾಗ ದಾವಲಬಿಗೆ ತಡೆಯಲಾಗಲಿಲ್ಲ. ಸೂಟಿಯ ದಿನ ಶರ್ವರಿಯ ಜೊತೆ ತಾನೂ ವಿಜಯಪುರದ ಬಸ್ಸು ಹತ್ತಿದಳು. ಪುಸ್ತಕದಂಗಡಿಯ ಕಟ್ಟೆಯ ಮೇಲೆ ಆಗಲೇ ಇಬ್ಬರು ಜಗಳಕ್ಕೆ ನಿಂತಿದ್ದರು: ಒಬ್ಬರು ಬ್ಯಾಂಕಿನಿಂದ ನಿವೃತ್ತರಾದ ಸುಶೀಲೇಂದ್ರರು, ಇನ್ನೊಬ್ಬ ಕಾಲೇಜಿನ ಹುಡುಗ ಚೇತನಕುಮಾರ.

"ಮೂರನೇದು ಓದಿ ಮುಗಿಸಿ ಪುಸ್ತಕ ಗ್ವಾಡಿಗೆ ಒಗದೇನ್ರಿ ನಾ" ಎಂದ ಹುಡುಗ.

"ಒಗದಾಂವ ಮತ್ತೊಂದ ಪ್ರತಿ ಯಾಕ ಕೊಳ್ಳಾಕತ್ತೀಪಾ?"

"ನಮ್ಮ ಅಕ್ಕಗ ಕೊಡಾಕ್ರಿ. ನಾ ಒಬ್ಬನ ಯಾಕ ಸಂಕಟ ಪಡಬೇಕು?"

ಸುಶೀಲೇಂದ್ರರು ಕನ್ನಡಕ ಒರೆಸಿದರು. "ನನಗ ಕಡೀದು ಸರಿ ಅನಸ್ತು. ಆ ಹುಡುಗ ಗವ್ಯಾಗ ಹೋಗಿ—"

ದಾವಲಬಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ಹೇಳಬ್ಯಾಡ್ರಿ ಯಪ್ಪಾ. ನಮ್ಮ ಹುಡುಗ ಇನ್ನ ಒಳಗ ಅದಾನ."

ಮುದುಕರು ಅವಳನ್ನು ನೋಡಿದರು, ಶರ್ವರಿಯನ್ನು ನೋಡಿದರು. "ಆತ್ರಿ ಅವ್ವಾರ. ನೀವ ಓದಿ ನೋಡ್ರಿ" ಎಂದು ಕಟ್ಟೆ ಇಳಿದರು. ಬಸ್ಸಿನಲ್ಲಿ ದಾವಲಬಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ತಿಕೋಟಾದವರೆಗೂ ಅದರ ಬೆನ್ನು ಸವರುತ್ತ ಬಂದಳು. ಶರ್ವರಿಯ ಮುಖ ಮಾತ್ರ ಕಿಟಕಿಯ ಕಡೆ ಇತ್ತು.

ಮೂರನೆಯ ಭಾಗ ಎಲ್ಲರನ್ನೂ ಎಳೆದುಕೊಂಡು ಹೋಯಿತು. ಕೊನೆಯ ಪಾಠದ ದಿನ ಶೆಡ್ಡಿನಲ್ಲಿ ಮಂಗಲದ ತಯಾರಿ ಆಗಿತ್ತು. ಆ ಕಡೆ ಪುರಾಣ ಹಚ್ಚಿದರೆ ನಡುವೆ ಬಿಡುವಂತಿಲ್ಲ. ಮುಗಿದ ದಿನ ಪುಸ್ತಕಕ್ಕೆ ಹೂವಿಟ್ಟು ಸಿಹಿ ಹಂಚಿ ಮಂಗಲ ಮಾಡಬೇಕು. ಇದೂ ಪುರಾಣವೇ ಎಂದು ಹೆಂಗಸರು ತೀರ್ಮಾನಿಸಿದ್ದರು. ಒಬ್ಬಳು ಮಾದಲಿ ತಂದಿದ್ದಳು, ಒಬ್ಬಳು ಶೇಂಗಾ ಹೋಳಿಗೆ. ಚೀಲ ಹೊರುವ ಗೊಲ್ಲಾಳಪ್ಪ ಕೂಡ ಆ ದಿನ ಒಳಗೆ ಬಂದು ಕಂಬಕ್ಕೆ ಒರಗಿ ಕುಳಿತಿದ್ದ.

ಶರ್ವರಿ ಓದಿದಳು. ಹೊಗೆ ಕರಗಿತು. ಗುಡ್ಡ ತಣ್ಣಗಾಯಿತು. ಬೆಳಗಿ ಗವಿಯ ಬಾಗಿಲಿಗೆ ಕೈಯಿಟ್ಟಳು. ಅಲ್ಲಿ ಶರ್ವರಿಯ ದನಿ ತುಸು ತಡವರಿಸಿತು. ಅವಳು ತಲೆಯೆತ್ತಿ ಬಾಗಿಲ ಬಳಿ ಕುಳಿತ ದಾವಲಬಿಯನ್ನು ನೋಡಿದಳು. ಮುಂದೆ ಅವಳ ಕಣ್ಣು ಪುಸ್ತಕಕ್ಕೆ ಇಳಿಯಲಿಲ್ಲ, ತಗಡಿನ ಮಾಡಿನ ಮೇಲೆಯೇ ನಿಂತಿತು. ಮಾತು ಮಾತ್ರ ಹೊಳೆಯ ಹಾಗೆ ಬಂತು. ಬಾಗಿಲು ತೆರೆಯಿತು, ಮೈಯೆಲ್ಲ ಬೂದಿಯಾದ ಕಿಡಿಯ ಕಣ್ಣು ಉಜ್ಜಿಕೊಳ್ಳುತ್ತ ಹೊರಗೆ ಬಂದ, "ಅಕ್ಕಾ, ಹಸಿವಾಗೇದ, ಬಿಸಿ ರೊಟ್ಟಿ ಶೇಂಗಾ ಹಿಂಡಿ ಕೊಡ" ಎಂದ.

ಶೆಡ್ಡಿಗೆ ಶೆಡ್ಡೇ ನಕ್ಕಿತು, ಅತ್ತಿತು. "ರಾಕ್ಷಸರನ ಕೊಂದ ಬಂದ್ರೂ ಗಂಡಸು ಕೇಳೂದು ರೊಟ್ಟೀನ ನೋಡ" ಎಂದಳೊಬ್ಬಳು. ಶರ್ವರಿ ಪುಸ್ತಕ ಮುಚ್ಚಿದಳು. ಅವಳ ಹೆಬ್ಬೆರಳಿನ ಕೆಳಗೆ ಇನ್ನೂ ಕೆಲವು ಹಾಳಿ ಉಳಿದಿದ್ದವು. ದಾವಲಬಿ ಅದನ್ನು ಕಂಡಳು. ಕಂಡರೂ, ಬಂದ ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುವವರು ಯಾರು?

ಆ ವಾರ ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಮಗಳು ರಹಿಮಾಬಿಯನ್ನು ಕೊಟ್ಟದ್ದು ಬಬಲೇಶ್ವರಕ್ಕೆ. ಮಗಳನ್ನು ನೋಡುವ ನೆವದಲ್ಲಿ ಸಂತೆಯ ದಿನ ಅಲ್ಲಿಗೆ ಹೋದಳು. ನಿಜವಾಗಿ ಹೋದದ್ದು ಕಾಯಿಪಲ್ಲೆ ಮಾರುವ ಮುರಿಗೆವ್ವನನ್ನು ಕಾಣಲು. ಮುರಿಗೆವ್ವನ ಮೊಮ್ಮಗಳು ಸ್ನೇಹಲ ಅದೇ ಪುಸ್ತಕವನ್ನು ಅಜ್ಜಿಗೆ ಓದಿ ಹೇಳುತ್ತಿದ್ದಳು. ಕಿಡಿಯ ಬರುವನೋ ಇಲ್ಲವೋ ಎಂದು ಈ ಇಬ್ಬರು ಮೆಂತ್ಯೆ ಸೊಪ್ಪಿನ ಮುಂದೆ ಕುಳಿತು ಎಷ್ಟೋ ಸಂತೆ ವಾದಿಸಿದ್ದರು.

"ಬಂದ ನೋಡ ಮುರಿಗೆವ್ವಾ, ನಮ್ಮ ಹುಡುಗ. ನಾ ಹೇಳಿರಲಿಲ್ಲಾ?"

"ಯಾವ ಹುಡುಗ?"

"ಕಿಡಿಯ. ಗವಿ ಬಾಗಲಾ ತಗದ ಬಂದಾನ. ಬಂದಾಂವನ ಬಿಸಿ ರೊಟ್ಟಿ ಕೇಳ್ಯಾನ."

ಮುರಿಗೆವ್ವ ಸೊಪ್ಪಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು. "ರೊಟ್ಟಿ? ಆ ನಾಡಾಗ ಜ್ವಾಳ ಎಲ್ಲಿ ಬೆಳದಿದ್ದೂವ ಬೇ? ಮೂರೂ ಪುಸ್ತಕದಾಗ ನವಣಿ ಅಂಬಲಿ ಬಿಟ್ಟ ಒಬ್ಬರರೆ ಬ್ಯಾರೆ ಉಂಡಾರೇನ?"

ಪಕ್ಕದ ಉಳ್ಳಾಗಡ್ಡಿಯವನು ಕಿಸಕ್ಕೆಂದ. ಮುರಿಗೆವ್ವನಿಗೂ ನಗು ಬಂದಿತ್ತು. "ಅಂವ ಗವ್ಯಾಗ ಸತ್ತಾನ ಬೇ. ಸ್ನೇಹಲ ಓದಿ ಹೇಳಿದ ದಿನ ನಾ ಉಂಡಿಲ್ಲ" ಎಂದವಳು, ದಾವಲಬಿಯ ಮುಖ ನೋಡಿದ್ದೇ ನಗು ನುಂಗಿಕೊಂಡಳು. ಇವಳ ತಮ್ಮನ ಸುದ್ದಿ ಸಂತೆಗೆಲ್ಲ ಗೊತ್ತಿದ್ದದ್ದೇ. "ನಿಮ್ಮ ಪುಸ್ತಕ ಬ್ಯಾರೆ ಇರಬೇಕ ಬಿಡವಾ."

"ಪುಸ್ತಕ ಒಂದ. ಓದಿದ ಬಾಯಿ ಬ್ಯಾರೆ" ಎಂದಳು ದಾವಲಬಿ.

ಮುರಿಗೆವ್ವ ಒಂದು ಕಟ್ಟು ಮೆಂತ್ಯೆ ಅವಳ ಚೀಲಕ್ಕೆ ತುರುಕಿದಳು. ಜೀಪಿನಲ್ಲಿ ಕುಳಿತ ದಾವಲಬಿಗೆ ಮೊದಲು ಸಿಟ್ಟು ಬಂದದ್ದು ಮುರಿಗೆವ್ವನ ಮೇಲೆ, ಆಮೇಲೆ ಶರ್ವರಿಯ ಮೇಲೆ. ತಿಕೋಟಾ ಬರುವ ಹೊತ್ತಿಗೆ ಆ ಹುಡುಗಿಯ ಹೆಬ್ಬೆರಳೂ, ತಾನು ಕಂಡೂ ಕೇಳದೆ ಬಿಟ್ಟ ಹಾಳಿಗಳೂ ಕಣ್ಣ ಮುಂದೆ ಬಂದು ನಿಂತವು. ಆಗ ಸಿಟ್ಟು ಮಾಡಲು ಯಾರೂ ಉಳಿಯಲಿಲ್ಲ.

ಮರುದಿನ ಬಿಡುವಿನ ಹೊತ್ತು ಉಳಿದವರು ಕೈ ತೊಳೆಯಲು ಹೋದಾಗ ಅವಳು ಶರ್ವರಿಯ ಮುಂದೆ ಪುಸ್ತಕ ಇಟ್ಟಳು.

"ಅಂವ ರೊಟ್ಟಿ ಕೇಳಿದ್ದ ಯಾವ ಹಾಳ್ಯಾಗ ಅದ, ತೋರಸ ಶರೂ."

ಶರ್ವರಿ ಪುಸ್ತಕ ಮುಟ್ಟಲಿಲ್ಲ.

"ನನಗ ಓದಾಕ ಬರೂದಿಲ್ಲ ಖರೆ. ಬೆರಳ ಎಲ್ಲಿಟ್ಟಿ, ಕಣ್ಣ ಎಲ್ಲಿಟ್ಟಿ ಅಂತ ನೋಡಾಕ ಬರತದ."

"ನಿಮ್ಮ ಮಾರಿ ನೋಡಿದೆ ಚಾಚಿ" ಎಂದಳು ಹುಡುಗಿ. "ನಿಮ್ಮ ತಮ್ಮ ನೆನಪಾದ್ರು. ಪುಸ್ತಕದಾಗ ಇದ್ದ ಮಾತು ಬಾಯಾಗ ಬರಲೇ ಇಲ್ಲ. ಕತಿಯಾಗರೆ ಒಬ್ಬ ಬರಲಿ ಅನ್ನಿಸ್ತ."

ದಾವಲಬಿ ಅವಳ ಪಕ್ಕಕ್ಕೆ ಕುಳಿತಳು. ಸ್ವಲ್ಪ ಹೊತ್ತು ಹುಡುಗಿಯ ತೋಳಿನ ಮೇಲೆ ಅಂಟಿದ ದ್ರಾಕ್ಷಿಯ ಕಡ್ಡಿ ತೆಗೆಯುತ್ತಿದ್ದಳು.

"ಬರತಾನಂತ ಹೇಳಾವ್ರು ನನಗ ಭಾಳ ಮಂದಿ ಸಿಕ್ಕಾರ ಬೇ. ಮಿರಜ ಸ್ಟೇಷನ್ನಾಗ ನೋಡೇನಿ ಅಂದಾಂವ ಒಬ್ಬ. ಅಜಮೇರದಾಗ ಫಕೀರ ಆಗ್ಯಾನ ಅಂದಾಕಿ ಒಬ್ಬಾಕಿ. ಎಲ್ಲಾರೂ ನನ್ನ ಮಾರಿ ನೋಡೇ ಹೇಳಿದ್ರು, ನಿನ್ನಂಗ. ಹೋದ ಅಂತ ಹೇಳಾವ ಒಬ್ಬನೂ ಸಿಗಲಿಲ್ಲ. ಸಮದಂದಂತೂ ಕಡೀ ಹಾಳಿ ಹರದ ಹೋಗೇದ. ಇಂವಂದು ನಿನ್ನ ಕೈಯಾಗ ಅದ. ಇದರೆ ಖರೇದ ಓದ."

ಶರ್ವರಿ ಓದಿದಳು. ಈ ಸಲ ಕಣ್ಣು ಸಾಲಿನ ಮೇಲೆಯೇ ಇತ್ತು, ಬೆರಳೂ.

ಬೆಳಗಿ ಉರಿಗೆ ಸಡಿಲಾದ ಬಾಗಿಲು ತಳ್ಳಿದಳು. ಕಿಡಿಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದ, ಕೈ ಇನ್ನೂ ಅಗಳಿಯ ಮೇಲಿತ್ತು. ಅವಳು ಅವನನ್ನು ಎತ್ತಿಕೊಂಡಳು. ಬಾಲ್ಯದಲ್ಲಿ ಎತ್ತಿದ್ದಕ್ಕಿಂತ ಹಗುರಾಗಿದ್ದ. ಹಳ್ಳಕ್ಕೆ ತಂದು, ಕೂದಲಿನ ಬೂದಿ ಹೋಗುವವರೆಗೆ ನೀರು ಹಾಕಿದಳು, ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ. ಊರಿನ ಸೀಮೆಯ ಕಲ್ಲಿನ ಹತ್ತಿರ ಮಣ್ಣು ಕೊಟ್ಟಳು.

"ನೀರ ಹಾಕಿದ್ದ ಇನ್ನೊಮ್ಮೆ ಓದ" ಎಂದಳು ದಾವಲಬಿ.

ಶರ್ವರಿ ಇನ್ನೊಮ್ಮೆ ಓದಿದಳು. ಕೈ ತೊಳೆದು ಬಂದ ಹೆಂಗಸರು ಒಬ್ಬೊಬ್ಬರಾಗಿ ಸುತ್ತ ನಿಂತಿದ್ದರು. ಏನಾಗಿದೆ ಎಂಬುದು ಕೇಳುತ್ತ ಕೇಳುತ್ತ ತಿಳಿಯಿತು. ದಾವಲಬಿಯ ಕೈ ತನ್ನ ಮಡಿಲಲ್ಲಿ ಮೆಲ್ಲಗೆ ಆಡುತ್ತಿತ್ತು, ಯಾರದೋ ತಲೆಗೆ ನೀರು ಹಾಕಿದ ಹಾಗೆ.

"ಮಣ್ಣ ಕೊಡುವಾಗ ಅಕ್ಕ ಏನಂದಳು?"

"ಏನೂ ಅಂದಿಲ್ಲ ಚಾಚಿ. ಹೆಸರ ಹಿಡದ ಒಮ್ಮೆ ಕರದಾಳ, ಅಷ್ಟ."

"ಸಾಕು. ಅಷ್ಟ ಆದ್ರ ಸಾಕು."

ಗೊಲ್ಲಾಳಪ್ಪ ಮೂಗು ಒರೆಸಿಕೊಂಡ. "ಸುಳ್ಳಾದ್ರೂ ಮೊದಲ ಓದಿದ್ದ ಛಲೋ ಇತ್ತ ನೋಡ್ರಿ" ಎಂದ. "ನಿನಗ ಹೋಳಿಗಿ ಸಿಕ್ಕಿತ್ತಲ್ಲಾ, ಅದಕ" ಎಂದಳು ಸಾಲಿನ ಒಬ್ಬಳು. ಎಲ್ಲರೂ ಅಳುವಿನ ನಡುವೆಯೇ ನಕ್ಕರು. ಆ ದಿನ ಕಪ್ಪು ಹಣ್ಣು ಮತ್ತೆ ಹಳದಿ ರಾಶಿಗೆ ಬಿತ್ತು. ನಂದಕಿಶೋರ ನೋಡಿಯೂ ಸುಮ್ಮನೆ ಹೋದ.

ಗುರುವಾರ ದಾವಲಬಿ ಮನೆಯಲ್ಲಿ ಒಲೆ ಹಚ್ಚಿ ರೊಟ್ಟಿ ಬಡಿದಳು. ಬಿಸಿ ಇರುವಾಗಲೇ ಮುರಿದು, ಬೆಲ್ಲ, ತುಪ್ಪ ಹಾಕಿ ಕಲಸಿದಳು. ಮುಲ್ಲಾ ಬಂದು ಕುಳಿತು, ಯಾರ ಹೆಸರೆಂದು ರೂಢಿಯಂತೆ ಕೇಳಿದ. ಅವಳು ಅಪ್ಪನ ಹೆಸರು ಹೇಳಿದಳು, ಅವ್ವನ ಹೆಸರು ಹೇಳಿದಳು, ಗಂಡನ ಹೆಸರು ಹೇಳಿದಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, "ಅಬ್ದುಲಸಮದ" ಎಂದಳು. ಮುಲ್ಲಾ ಆ ಹೆಸರನ್ನೂ ಸೇರಿಸಿ ಓದಿದ.

ಡಬ್ಬಿ ತುಂಬ ಮಾಲ್ದಿ ಶೆಡ್ಡಿಗೆ ಬಂತು. ದಾವಲಬಿ ಸಾಲಿನುದ್ದಕ್ಕೂ ಎಲ್ಲರ ಅಂಗೈಗೆ ಹಾಕುತ್ತ ಹೋದಳು. "ಯಾರ ಹೆಸರಲೆ ಚಾಚಿ?" ಎಂದು ಯಾರೋ ಕೇಳಿದರು. "ನಮ್ಮ ಸಮದನ ಹೆಸರಲೆ" ಎಂದಳು. ಆ ಮಾತು ಹೊರಬಂದ ಮೇಲೂ ಶೆಡ್ಡು ನಿಂತೇ ಇತ್ತು, ಬಾಗಿಲಿನಿಂದ ಬೆಳಕೂ ಎಂದಿನಂತೆ ಬೀಳುತ್ತಿತ್ತು.

ಶರ್ವರಿ ತಕ್ಕಡಿಯ ಬಳಿ ತಲೆ ತಗ್ಗಿಸಿ ನಿಂತಿದ್ದಳು, ಕೈ ಚಾಚಲಿಲ್ಲ. ದಾವಲಬಿ ಅವಳ ಕೈಯನ್ನು ತಾನೇ ಹಿಡಿದು ಬಿಡಿಸಿ, ಎಲ್ಲರಿಗಿಂತ ದೊಡ್ಡ ಹಿಡಿ ಹಾಕಿದಳು.

"ತಿನ್ನ ಬೇ. ನಿನ್ನ ಕಿಡಿಯ ಕೇಳಿದ್ದ ರೊಟ್ಟೀನ ಇದು. ಆ ನಾಡಾಗ ಜ್ವಾಳ ಇದ್ದಿದ್ದಿಲ್ಲ, ನಮ್ಮಲ್ಲಿ ಅದಾವಲ್ಲ."

ಆಮೇಲೆ ತನ್ನ ಜಾಗಕ್ಕೆ ಹೋಗಿ, ರಸ್ತೆಗೆ ಬೆನ್ನು ಮಾಡಿ, ಹುಡುಗಿಯ ಮುಖ ಕಾಣುವಂತೆ ಕುಳಿತಳು. "ಮುಂದಿನ ಪುಸ್ತಕ ಯಾವುದ ಹಚ್ಚತಿ?" ಎಂದು ಕೇಳಿ ಹಣ್ಣಿನ ರಾಶಿಗೆ ಕೈ ಹಾಕಿದಳು.