ಕೋವಿ ಒಪ್ಪಿಸಿದ ಮರುದಿನ

ಐವರ್ನಾಡಿನ ಕಿಟ್ಟಣ್ಣ ಮಿಲಿಟರಿ ಬಿಟ್ಟು ಬಂದು ಎಷ್ಟೋ ವರ್ಷವಾದರೂ ಬೆಳಿಗ್ಗೆ ಐದಕ್ಕೆ ಏಳುವುದನ್ನು ಬಿಟ್ಟವರಲ್ಲ. ಎದ್ದು ಅಂಗಳಕ್ಕಿಳಿದು ಕೋವಿಯಿಂದ ಆಕಾಶಕ್ಕೆ ಒಂದು ಈಡು ಹಾರಿಸುವರು. ಆ ಸದ್ದು ಕೇಳಿದ ಮೇಲೆಯೇ ಕೆಳಗಿನ ಮನೆಯ ನೆಬೀಸ ತಲೆಗೆ ಲೈಟು ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಗುಡ್ಡ ಹತ್ತುವುದು. ಕಡಬದ ಕಡೆಯಿಂದ ಒಂಟಿ ಸಲಗ ಬಂದು ಆ ಗುಡ್ಡದಲ್ಲಿ ಬೀಡುಬಿಟ್ಟ ಮೇಲೆ ಶುರುವಾದ ಕ್ರಮ ಇದು. ಅರಣ್ಯದವರು ಕೊಟ್ಟ ಗರ್ನಾಲು ಪಟಾಕಿಗೆ ಅದು ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಕೋವಿಯ ಸದ್ದಿಗೆ ಮಾತ್ರ ತೋಡಿನ ನೀರು ದಾಟಿ ಆಚೆಗೆ ಹೋಗುತ್ತದೆ.

ದಶಂಬರದಲ್ಲಿ ಪಂಚಾಯತ್ ಚುನಾವಣೆ ಬಂತು. ಲೈಸನ್ಸಿನ ಕೋವಿ ಇದ್ದವರೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು. ಮತ ಎಣಿಕೆ ಮುಗಿದ ಮೇಲೆಯೇ ವಾಪಸು. ಆನೆಯ ಕಾರಣ ಹೇಳಿ ವಿನಾಯಿತಿಗೆ ಒಂದು ಅರ್ಜಿ ಬರೆಯಬಹುದಿತ್ತು, ಬೇರೆಯವರು ಬರೆದರು. ನೆಬೀಸಳೂ ಹೇಳಿ ನೋಡಿದಳು. ಕಿಟ್ಟಣ್ಣ ಕೇಳಲಿಲ್ಲ. ಕೊಡು ಎಂದಾಗ ಕೊಡದವನು ಸಿಪಾಯಿಯೇ ಅಲ್ಲ ಎಂಬುದು ಅವರ ಮಾತು.

ಎಪ್ಪತ್ತೊಂದರ ಯುದ್ಧ ಮುಗಿದಾಗ ಅವರು ಕಣ್ಣಾರೆ ಕಂಡದ್ದು ಅದು. ಢಾಕಾದಲ್ಲಿ ದೊಡ್ಡವರು ಮೇಜು ಹಾಕಿ ಕಾಗದಕ್ಕೆ ಸಹಿ ಮಾಡಿ ಆಗಿತ್ತು. ಆದರೆ ಸೋಲು ಅಲ್ಲಿಗೇ ಮುಗಿಯುವುದಿಲ್ಲ, ಒಂದೊಂದು ಪಡೆಯೂ ತಾನಿದ್ದಲ್ಲಿ ಇನ್ನೊಮ್ಮೆ ಸೋಲಬೇಕು. ಕಿಟ್ಟಣ್ಣ ಇದ್ದದ್ದು ದೂರದ ಒಂದು ಶಾಲೆಯ ಮೈದಾನದಲ್ಲಿ. ಪಾಕಿಸ್ತಾನದವರು ಸಾಲಾಗಿ ಬಂದು ನಿಂತರು. ಹೆಸರು ಕರೆದ ಹಾಗೆ ಮುಂದೆ ಬಂದು, ಬಂದೂಕು ಖಾಲಿ ಮಾಡಿ ತೋರಿಸಿ, ನೆಲದಲ್ಲಿಟ್ಟು, ಸೊಂಟದ ಪಟ್ಟಿ ಬಿಚ್ಚಿ ಅದರ ಮೇಲಿಟ್ಟು ಹಿಂದೆ ಸರಿದರು. ಬೈಗುಳವಿಲ್ಲ, ನಗೆಯಿಲ್ಲ. ಕೊನೆಗೆ ಅವರ ಮೇಜರ್ ಪಿಸ್ತೂಲು ಕೊಟ್ಟು ರಶೀದಿ ಕೇಳಿದ. ಇಪ್ಪತ್ತೊಂದು ವರ್ಷದ ಕಿಟ್ಟಣ್ಣನಿಗೆ ನಗು ಬಂದಿತ್ತು. ಬೇಲಿಯಾಚೆ ಊರಿನ ಜನ ಸೇಡಿಗೆಂದು ಕತ್ತಿ, ದೊಣ್ಣೆ ಹಿಡಿದು ಕಾಯುತ್ತಿದ್ದರು. ರಶೀದಿ ಕಿಸೆಗೆ ಹಾಕಿದವನೇ ಮೇಜರ್ ಬರಿಗೈಯಲ್ಲಿ ಹೋಗಿ ತನ್ನವರಿಗೂ ಬೇಲಿಗೂ ನಡುವೆ ನಿಂತ. ಹಾಗೆ ನಿಂತು ಏನು ಮಾಡುತ್ತಾನೆ ಎಂಬುದು ಕಿಟ್ಟಣ್ಣನಿಗೆ ಆಗ ತಿಳಿಯಲಿಲ್ಲ.

ಠಾಣೆಯಲ್ಲಿ ಕಿಟ್ಟಣ್ಣ ಕೋವಿ ಮಡಚಿ, ಎರಡು ನಳಿಗೆಯೂ ಖಾಲಿ ಎಂದು ತೋರಿಸಿ, ಎರಡೂ ಕೈಯಲ್ಲಿ ಎತ್ತಿ ಕೊಟ್ಟರು.

“ಎಂತ ಕಿಟ್ಟಣ್ಣ, ಯುದ್ಧ ಸೋತವರ ಹಾಗೆ ಕೊಡ್ತೀರಲ್ಲ?” ಎಂದು ಪೊಲೀಸಿನವ ನೆಗಾಡಿದ.

“ರಶೀದಿ ಕೊಡಿ ಮಾರಾಯ್ರೆ.”

ಹೇಳಿದ ಮೇಲೆ ಅವರಿಗೆ ತಮ್ಮ ಸ್ವರ ಆ ಮೇಜರನದ್ದೇ ಎಂಬ ಹಾಗೆ ಕೇಳಿತು.

ಸಂಜೆ ಬಸ್ಸಿಳಿದು ಬರುವಾಗ ತೋಡಿನ ಈಚೆಗೆ, ನೆಬೀಸಳ ಮನೆಯ ದಾರಿಯಲ್ಲೇ, ಲದ್ದಿ ಬಿದ್ದಿತ್ತು. ಬಿಸಿ ಆರಿರಲಿಲ್ಲ. ಪಕ್ಕದಲ್ಲಿ ಆನೆಗೆ ಇಷ್ಟದ ಬೈನೆ ಮರ ಬುಡದಿಂದ ಸೀಳಿಹೋಗಿತ್ತು. ನಾಳೆ ಗುಡ್ಡ ಹತ್ತಬೇಡ ಎಂದು ನೆಬೀಸಳಿಗೆ ಹೇಳಿದರು.

“ಒಂದು ದಿನ ಆದ್ರೆ ಸರಿ ಕಿಟ್ಟಣ್ಣ. ಎಣಿಕೆ ಆಗ್ಲಿಕ್ಕೆ ಹದಿನೆಂಟು ದಿನ ಉಂಟು. ಅಷ್ಟು ದಿನ ಒಲೆ ನಂದಿಸಿ ಕೂತುಕೊಳ್ಳುದಾ?” ಎಂದಳು ಅವಳು. ಸಿಟ್ಟಿರಲಿಲ್ಲ ಅದರಲ್ಲಿ. ಅದೇ ಅವರಿಗೆ ಹೆಚ್ಚು ತಾಗಿತು.

ಮರುದಿನ ಐದಕ್ಕೆ ಕಿಟ್ಟಣ್ಣ ಎದ್ದು ಅಂಗಳದಲ್ಲಿ ನಿಂತರು. ಮಂಜು ಸುರಿಯುತ್ತಿತ್ತು. ಒಂದು ಹಕ್ಕಿಯ ಸದ್ದೂ ಇಲ್ಲ. ಕೆಳಗೆ ನೆಬೀಸಳ ಲೈಟು ಹೊತ್ತಿತು. ಅಭ್ಯಾಸಬಲದಿಂದ ಈಡಿಗೆಂದು ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಗುಡ್ಡದ ಕಡೆ ಹೊರಟಿತು.

ಕಿಟ್ಟಣ್ಣ ನಿನ್ನೆಯ ಅಂಗಿಯನ್ನೇ ಸಿಕ್ಕಿಸಿಕೊಂಡು ಇಳಿದು, ಏದುಸಿರು ಬಿಡುತ್ತ ಅವಳನ್ನು ದಾಟಿ ಮುಂದಾದರು.

“ಬರಿಗೈಲಿ ಬಂದು ಎಂತ ಮಾಡ್ತೀರಿ?”

“ಗೊತ್ತಿಲ್ಲ. ನೀನು ನನ್ನ ಹಿಂದೆ ಬಾ.”

ಮೇಲಿನ ಸಾಲಿನಲ್ಲಿ ಒಂದು ರಬ್ಬರ್ ಮರ ಲಟಕ್ಕೆಂದು ಮುರಿಯಿತು. ಗಾಳಿ ಇರಲಿಲ್ಲ. ಲೈಟು ಆರಿಸು ಎಂದು ಕೈಸನ್ನೆ ಮಾಡಿ ಕಿಟ್ಟಣ್ಣ ಅವಳಿಗೂ ಆ ಸದ್ದಿಗೂ ನಡುವೆ ನಿಂತರು. ಕಿಸೆಯಲ್ಲಿ ರಶೀದಿ ಇತ್ತು. ಕತ್ತಲಲ್ಲಿ ಯಾವುದೋ ದೊಡ್ಡ ಜೀವ ಉಸಿರು ಬಿಟ್ಟಿತು, ತೀರ ಹತ್ತಿರ.