ನೀರು ತಾಕಬಾರದ ಕಲ್ಲು

ರಾಯದುರ್ಗದ ಜೀನ್ಸ್ ಹೊಲಿಯುವವರಿಗೆ ಗುಂಡಿ, ಜಿಪ್ಪು ಮಾರುವ ಗೋಪಣ್ಣ ವ್ಯಾಪಾರದಲ್ಲಿ ಮಹಾ ಜಿಗುಟು. ಒಂದು ಗುಂಡಿ ಕೊಸರು ಕೇಳಿದರೂ ಗಿರಾಕಿಯನ್ನು ಮೆಟ್ಟಿಲಿಳಿಸಿಯಾನು. ಅದೇ ಮನುಷ್ಯ, ಲಾರಿ ಡ್ರೈವರೊಬ್ಬ ಟವೆಲ್ಲಿನಲ್ಲಿ ಕಲ್ಲು ಸುತ್ತಿಕೊಂಡು ಬಂದು "ಹಟ್ಟಿ ಗಣೀದಣ್ಣಾ" ಎಂದರೆ ಸಾಕು, ಕೇಳಿದಷ್ಟು ಕೊಟ್ಟು ಮೇಲೆ ಚಹಾ ಕುಡಿಸಿ ಕಳಿಸುತ್ತಿದ್ದ. ಹೀಗೆ ಸಂಡೂರಿನ ಮಿರಿಮಿರಿ ಕರಿ ಅದಿರು, ಹಟ್ಟಿಯ ಬೆಣಚು, ಕೋಲಾರದ್ದೊಂದು ಚೂರು ಮನೆ ಸೇರಿದವು. ಕೋಲಾರದ ಚೂರಿನಲ್ಲಿ ಚಿನ್ನದ ಗೆರೆಯಿತ್ತು. ಅದು ಅವನ ಕಣ್ಣಿಗೆ ಮಾತ್ರ ಕಾಣುತ್ತಿತ್ತು.

ಅಕ್ಕಿ ಡಬ್ಬದ ಹಿಂದೆಯೂ ಕಲ್ಲು ಸಿಕ್ಕ ದಿನ ಹೆಂಡತಿ ರಾಧಿಕಾ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಈ ಮನೇಲಿ ನಾನಿರ್ಬೇಕು, ಇಲ್ಲ ನಿಮ್ಮ ಗಣಿ ಇರ್ಬೇಕು!"

ಕಲ್ಲಿನ ಪೆಟ್ಟಿಗೆಗಳು ಅಮರಾಪುರದ ಅವಳ ತವರಿನ ಅಟ್ಟ ಸೇರಿದವು. ಅತ್ತೆ ಜುಂಜಮ್ಮ ಕುರಿ ಸಾಕುವಾಕೆ, ಮಾತು ಕಮ್ಮಿ. ಅಟ್ಟದ ಮೇಲೆ ಏನಿಟ್ಟರೂ ಕೇಳುವವಳಲ್ಲ. ಆದರೆ ಒಂದು ಕಲ್ಲಿನ ಬಗ್ಗೆ ಗೋಪಣ್ಣ ತಾನಾಗಿಯೇ ಹೇಳಿದ. ಚಿತ್ರದುರ್ಗದ ಕಡೆಯ ಮುಚ್ಚಿದ ತಾಮ್ರದ ಗಣಿಯೊಳಗೆ, ನೀರು ಜಿನುಗಿ ಜಿನುಗಿ ಗೋಡೆಗೆ ಕಟ್ಟಿದ್ದ ನೀಲಿ ಹರಳು, ತೆಂಗಿನಕಾಯಿ ಗಾತ್ರದ್ದು.

"ಅತ್ತೆ, ಇದಕ್ಕ ಒಂದು ಹನಿ ನೀರು ತಾಕಬಾರ್ದು ನೋಡ್ರಿ. ತಾಕಿದ್ರ ಕರಗಿ ಹೋಗ್ತೈತಿ!"

ಬರುವಾಗೊಮ್ಮೆ, ಹೋಗುವಾಗೊಮ್ಮೆ ಹೇಳಿದ. ಆಮೇಲೆ ಫೋನಿನಲ್ಲೂ ಹೇಳಿದ.

ಆ ನೀಲಿಯ ಫೋಟೋ ವಾಟ್ಸಾಪಿನಲ್ಲಿ ಬಳ್ಳಾರಿಯ ಶಿವಶಂಕರ ಅವರಿಗೆ ತಲುಪಿತು. ಅವರು ಗಣಿ ಕೆಲಸದಿಂದ ನಿವೃತ್ತರು, ಇದೇ ಹುಚ್ಚಿನವರು. ಪುಣೆ ಕಡೆಯ ಕ್ವಾರಿಯ ಹಸಿರು ಹರಳೊಂದು ಅವರಲ್ಲಿತ್ತು. ಹತ್ತು ವರ್ಷದಿಂದ ಗೋಪಣ್ಣ ಅದಕ್ಕಾಗಿ ಗೋಗರೆದಿದ್ದ, ಅವರು ಜಪ್ಪಯ್ಯ ಅಂದಿರಲಿಲ್ಲ. ಈಗ ತಾವಾಗಿಯೇ ಫೋನ್ ಮಾಡಿದರು: "ನಿಮ್ಮ ನೀಲಿ ಕೊಡ್ರಿ, ನನ್ನ ಹಸಿರು ತಗೊಳ್ರಿ."

ಗೋಪಣ್ಣ ಅಂಗಡಿಗೆ ಬೀಗ ಜಡಿದ. ಜಡಿಮಳೆಯಲ್ಲೇ ಅವನೂ ಶಿವಶಂಕರ ಅವರೂ ಬಸ್ಸು ಬದಲಿಸುತ್ತ ಅಮರಾಪುರ ತಲುಪಿದರು.

ಅಂಗಳದಲ್ಲಿ ಜುಂಜಮ್ಮ ಒಂದು ಕುರಿಯನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ನಿಲ್ಲಿಸಿ, ಅದು ಬಾಯಿ ಹಾಕದಂತೆ ಮೂತಿ ಹಿಡಿದಿದ್ದಳು. ಟಬ್ಬಿನ ನೀರು ಕಡುನೀಲಿ.

ಗೋಪಣ್ಣ ಟಬ್ಬಿನ ಬಳಿಗೆ ಓಡಿದ. "ಅತ್ತೆ, ಅಟ್ಟದ ಮ್ಯಾಲಿನ ನೀಲಿ ಕಲ್ಲು ಎಲ್ಲೈತ್ರಿ?"

"ಅದ್ಯಾವ ಕಲ್ಲು ಅಳಿಯಂದ್ರೆ? ಅದು ಮೈಲುತುತ್ತ, ಗೊರಸಿನ ಮದ್ದು. ಮಳೆಗೆ ಕುರಿ ಗೊರಸೆಲ್ಲ ಕೊಳ್ತು ಕುಂಟ್ತಾ ಇದ್ವು. ನೀಲಿ ಐತೆ, ನೀರಲ್ಲಿ ಕರಗ್ತೈತೆ ಅಂತ ನೀವೇ ಹೇಳಿದ್ರಲ್ಲ, ಅದಕ್ಕೇ ಗೊತ್ತಾತು."

"ಅಯ್ಯೋ, ಮೈಲುತುತ್ತ ಅಂಗಡಿಯಾಗ ಸಿಗ್ತಿತ್ತಲ್ರೀ!"

"ಅಂಗಡೀದು ಬರೀ ಪುಡಿ. ನೀವು ತಂದಿದ್ದು ಬಲು ಚೆನ್ನಾಗೈತೆ. ಇನ್ನೊಂದು ಗಡ್ಡೆ ಇದ್ರೆ ತಂದುಕೊಡಿ, ರೊಳ್ಳದಾಗೆ ನಮ್ಮ ತಂಗಿ ಕುರಿಗೂ ಬೇಕಂತೆ."

ಗೋಪಣ್ಣ ತಲೆ ಚಚ್ಚಿಕೊಂಡ. ಬೈಯಲು ಬಾಯಿ ತೆರೆದರೆ ಎದುರಿಗಿದ್ದವಳು ಅತ್ತೆ, ಸುಮ್ಮನಿದ್ದರೆ ಪಕ್ಕದಲ್ಲಿದ್ದವರು ಶಿವಶಂಕರ. ಕೊನೆಗೆ ಕುರಿಯನ್ನೇ ದುರುಗುಟ್ಟಿಕೊಂಡು ನೋಡಿದ. ಅದು ಸೀನಿತು.

ಹರಳು ಕೂತಿದ್ದ ತಳದ ಬಂಡೆ ಮಾತ್ರ ಉಳಿದಿತ್ತು. ಶಿವಶಂಕರ ಅದನ್ನು ಹೊರಳಿಸಿ ನೋಡಿ, ಒರೆಸಿ ಕೆಳಗಿಟ್ಟರು.

"ಇನ್ನೊಂದು ತಂದುಕೊಡ್ತೀನ್ರಿ ಸಾರ್, ಈಗ ಹಸಿರು ಕೊಟ್ಟಿರ್ರಿ," ಎಂದ ಗೋಪಣ್ಣ.

"ಗಣಿ ಬಾಯಿಗೆ ಗೋಡೆ ಕಟ್ಟ್ಯಾರ. ಎಲ್ಲಿಂದ ತರ್ತೀರಿ? ನೀವು ನಿಮ್ಮ ಅಂಗಡಿಯಾಗ ಗುಂಡಿ ಉದ್ರಿ ಕೊಡ್ತೀರೇನು?"

ಆದರೂ ಮರುಕ ಬಂದು ಅವರು ತಾವು ತಂದಿದ್ದ ಡಬ್ಬಿ ತೆರೆದರು. ಹತ್ತಿಯ ನಡುವೆ ಹಸಿರು ಹರಳು, ಮೋಡದ ಬೆಳಕಿನಲ್ಲೂ ಒಳಗೆ ದೀಪವಿಟ್ಟಂತೆ. ಗೋಪಣ್ಣ ಉಸಿರು ಬಿಡದೆ ನೋಡಿದ. ಜುಂಜಮ್ಮನೂ ಕತ್ತು ಚಾಚಿದಳು.

"ಇದು ಕರಗ್ತೈತಾ ಸ್ವಾಮಿ?"

"ಇಲ್ಲಮ್ಮ, ಕರಗಂಗಿಲ್ಲ."

"ಹಂಗಾರೆ ಇದ್ಯಾತಕ್ಕೆ?" ಎನ್ನುತ್ತ ಆಕೆ ಮುಂದಿನ ಕುರಿ ಹಿಡಿಯಲು ಹೋದಳು.

ಡಬ್ಬಿ ಮುಚ್ಚಿಕೊಂಡಿತು. ಶಿವಶಂಕರ ಅದನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯ ಬಸ್ಸಿನಲ್ಲಿ ಹೊರಟರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಗೋಪಣ್ಣ ನಿಂತಿದ್ದ. ಉಳಿದ ಕಲ್ಲುಗಳಲ್ಲಿ ಇನ್ನಾವುದು ಯಾವ ರೋಗಕ್ಕೆ ಮದ್ದೋ ಎಂಬ ಹೆದರಿಕೆ ಹುಟ್ಟಿ, ಎಲ್ಲವನ್ನೂ ಮನೆಗೆ ತರುತ್ತೇನೆಂದು ಹೇಳಲು ರಾಧಿಕಾಗೆ ಫೋನ್ ಮಾಡಿದ.

ಅವನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು: "ಕುರಿ ಕಾಲು ಹೆಂಗವೆ?"

"ಚಲೋ ಅದಾವ," ಎಂದ ಗೋಪಣ್ಣ, ಹಲ್ಲು ಕಚ್ಚಿ.