ತಳವಿಲ್ಲದ ಈಜುಕೊಳ

ಕೇಳದೆಯೇ ಆಣೆ ಇಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಬಳ್ಳಾರಿಯ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಲೇ ತಲೆ ನರೆಸಿಕೊಂಡವನು ನಾನು. ನಿಜ ಹೇಳುವ ಸಾಕ್ಷಿ ಆಣೆಯ ಮಾತೆತ್ತುವುದು ಕಟಕಟೆಯಲ್ಲಿ ಮಾತ್ರ, ಅದೂ ಬೇರೆಯವರು ಹೇಳಿಸಿದಾಗ. ಹಾದಿಯಲ್ಲಿ ಸಿಕ್ಕ ಕೂಡಲೇ "ದೊಡ್ಡಬಸಪ್ಪನ ಆಣಿಗೂ" ಎಂದು ಬಾಯಿ ತೆರೆಯುವವನ ಮೇಲೆ ಒಂದು ಕಣ್ಣಿಟ್ಟಿರಬೇಕು ಎಂದು ಕಕ್ಷಿದಾರರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಹಾಗಿದ್ದೂ ನನ್ನ ಹಿತ್ತಲಲ್ಲಿ ಈಜುಕೊಳ ಕಟ್ಟುವ ಕಂತ್ರಾಟನ್ನು ಸಿರುಗುಪ್ಪದ ಈರಣ್ಣನಿಗೇ ಕೊಟ್ಟೆ. ಆತ ಕುರುಗೋಡಿನ ದೇವರು ದೊಡ್ಡಬಸಪ್ಪನ ಆಣೆ ಇಡದೆ ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ.

ಬಳ್ಳಾರಿಯಲ್ಲಿ ಈಜುಕೊಳವೇ ಎಂದು ನೀವು ನಗಬಹುದು. ನಗಿ. ನಿಮಗಿಂತ ಮೊದಲು ಇಡೀ ವಕೀಲರ ಸಂಘ ನಕ್ಕಿದೆ. ಗುಡ್ಡದ ಬಂಡೆ ಹಗಲೆಲ್ಲ ಬಿಸಿಲು ಕುಡಿದು, ಹೊತ್ತು ಮುಳುಗಿದ ಮೇಲೆ ಅದನ್ನು ಊರಿನ ಮೇಲೆ ಉಗುಳುತ್ತದೆ. ನಮ್ಮ ಓಣಿಯ ಬಾವಿಗಳ ನೀರೆಲ್ಲ ಸವುಳು. ಅದರಲ್ಲಿ ಬೇಳೆ ಬೇಯದು, ಸೋಪು ನೊರೆ ಬಿಡದು. ಕುಡಿಯುವ ಸಿಹಿನೀರಿಗೆ ಹೆಂಗಸರು ಕೊಡ ಹೊತ್ತು ಬಹಳ ದೂರ ಹೋಗುತ್ತಿದ್ದರು. ಇಂಥ ಊರಿನಲ್ಲಿ ನನಗೆ ಆ ಹುಚ್ಚು ಹಿಡಿದದ್ದು, ಬಿಳಿಯ ದೊರೆಗಳು ದೇಶ ಬಿಟ್ಟುಹೋದ ಮೇಲೆ ದಂಡು ಪ್ರದೇಶದ ಒಂದು ಖಾಲಿ ಬಂಗಲೆಯನ್ನು ನೋಡಲು ಹೋಗಿದ್ದಾಗ. ಅಲ್ಲಿ ನೀಲಿ ಟೈಲು ಹಾಸಿದ ಒಂದು ಕೊಳವಿತ್ತು. ನೀರಿರಲಿಲ್ಲ, ತರಗೆಲೆಗಳ ನಡುವೆ ಒಂದು ಓತಿಕೇತ ಗತ್ತಿನಿಂದ ತಲೆಯಾಡಿಸುತ್ತ ಕೂತಿತ್ತು. ಓತಿಕೇತಕ್ಕೆ ದಕ್ಕಿದ್ದು ನೀಲಮ್ಮನಿಗೆ ಯಾಕೆ ದಕ್ಕಬಾರದು ಎನ್ನಿಸಿತು.

ನೀಲಮ್ಮ ನನ್ನ ಹೆಂಡತಿ. ತವರು ಸಿರುಗುಪ್ಪದ ಆಚೆ, ತುಂಗಭದ್ರೆಯ ದಂಡೆಯ ಮೇಲಿನ ಹಳ್ಳಿ. ಹುಡುಗಿಯಾಗಿದ್ದಾಗ ಹೊಳೆಯನ್ನು ಈ ದಡದಿಂದ ಆ ದಡಕ್ಕೆ ಈಜಿ ದಾಟುತ್ತಿದ್ದಳಂತೆ. 'ಅಂತೆ' ಎಂದದ್ದು ಯಾಕೆಂದರೆ ನಾನು ಕಣ್ಣಾರೆ ಕಂಡಿರಲಿಲ್ಲ. ಲಗ್ನವಾಗಿ ಬಳ್ಳಾರಿಗೆ ಬಂದ ಮೇಲೆ ಅವಳು ಕಂಡ ಅತಿ ದೊಡ್ಡ ಜಲರಾಶಿ ನಮ್ಮ ಬಚ್ಚಲ ಹಂಡೆ. ಬೇಸಿಗೆಯಲ್ಲಿ ಒಮ್ಮೊಮ್ಮೆ ಹಿತ್ತಲ ಕಟ್ಟೆಯ ಮೇಲೆ ಕೂತು ಸುಮ್ಮನೆ ಕೈ ಬೀಸುತ್ತಿದ್ದಳು. ಸೆಖೆಗೆ ಗಾಳಿ ಹಾಕಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅದು ಈಜುವ ಕೈ ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಸರಿ, ಎತ್ತರದ ಗೋಡೆ ಎಬ್ಬಿಸಿ, ನೀಲಿ ಟೈಲು ಹಾಸಿ, ಅವಳಿಗೊಂದು ಕೊಳ ಕಟ್ಟಿಸಿಕೊಡುವುದೆಂದು ತೀರ್ಮಾನಿಸಿ, ಅವಳಿಗೆ ಹೇಳುವ ಮೊದಲು ಊರಿಗೆಲ್ಲ ಹೇಳಿದೆ.

ನಮ್ಮ ಹಳೆಯ ಕಾವ್ಯಗಳಲ್ಲಿ ಜಲಕ್ರೀಡೆಯ ವರ್ಣನೆ ಇಲ್ಲದಿದ್ದರೆ ಅದು ಕಾವ್ಯವೇ ಅಲ್ಲ. ರಾಜ ಬರುತ್ತಾನೆ, ರಾಣಿಯರು ಬರುತ್ತಾರೆ, ತಾವರೆ ನಲುಗುತ್ತದೆ, ಹಂಸಗಳು ಗಾಬರಿಯಾಗಿ ಹಾರುತ್ತವೆ. ಆದರೆ ಆ ಕೊಳ ಕಟ್ಟಿದ ಕಂತ್ರಾಟುದಾರನ ಬಗ್ಗೆ ಯಾವ ಕವಿಯೂ ಒಂದು ಪದ್ಯ ಬರೆದಿಲ್ಲ. ಕಟ್ಟಿಸಿದ ಅನುಭವವಿದ್ದಿದ್ದರೆ ಶೃಂಗಾರರಸ ಅಷ್ಟು ಸಲೀಸಾಗಿ ಹರಿಯುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಈರಣ್ಣ ಚುರುಕಿನಿಂದಲೇ ಶುರು ಮಾಡಿದ. ಗುಂಡಿ ತೋಡಿಸಿದ, ಮೂರು ಕಡೆ ಗೋಡೆ ಎಬ್ಬಿಸಿದ. ನೀಲಮ್ಮನ ತವರಿನ ಕಡೆಯವನಾದ್ದರಿಂದ ಅವಳನ್ನು "ಅಕ್ಕಾರ" ಎನ್ನುತ್ತಿದ್ದ, ನನ್ನನ್ನು "ವಕೀಲ ಸಾಹೇಬ್ರ" ಎನ್ನುತ್ತಿದ್ದ. ಅಕ್ಕ ತಮ್ಮಂದಿರ ನಡುವೆ ಸಾಹೇಬನಾಗಿ ಉಳಿಯುವುದು ಮನೆಯ ಯಜಮಾನನಿಗೆ ಒಳ್ಳೆಯ ಲಕ್ಷಣವಲ್ಲ. ತಳ ಹಾಕುವ ಹೊತ್ತಿಗೆ ಸರಿಯಾಗಿ ಕೆಲಸ ನಿಂತಿತು. ಯಾಕೆಂದು ಕೇಳಿದರೆ, "ಕುರುಗೋಡ ಕಲ್ಲೆಲ್ಲಾ ಅಣೆಕಟ್ಟಿಗೆ ಹೊಂಟೈತ್ರಿ ಸಾಹೇಬ್ರ, ದೊಡ್ಡಬಸಪ್ಪನ ಆಣಿಗೂ" ಎಂದ.

ಆಮೇಲೆ ಒಂದು ದಿನ ಹಿತ್ತಲ ತಗಡಿನ ಶೆಡ್ಡಿನಲ್ಲಿದ್ದ ಸಿಮೆಂಟಿನ ಚೀಲಗಳು ಮಾಯವಾದವು. ಪರ್ಮಿಟ್ಟಿಗಾಗಿ ಕಚೇರಿಗಳ ಮೆಟ್ಟಿಲು ಸವೆಸಿ ತಂದಿದ್ದ ಸಿಮೆಂಟು ಅದು.

"ಇಲ್ಲಿ ತೇವಕ್ಕ ಗಟ್ಟಿ ಆಗ್ತದಂತ ಸಿರುಗುಪ್ಪದ ಗೋದಾಮಿನಾಗ ಇಟ್ಟೀನ್ರಿ" ಎಂದ ಈರಣ್ಣ.

ಬಳ್ಳಾರಿಯಲ್ಲಿ ತೇವ! ಹೊಳೆ ದಂಡೆಯ ಸಿರುಗುಪ್ಪದಲ್ಲಿ ಒಣಹವೆ! ಸುಳ್ಳಿಗೂ ಒಂದು ಭೂಗೋಳ ಬೇಡವೇ?

ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಬೈಗುಳವಲ್ಲ, ಜ್ಞಾನದ ಒಂದು ದಾರಿ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅನುಮಾನ. ಅದೇ ಮಾತು ನಮ್ಮ ಮನೆಗಳಿಗೆ ಬರುವಷ್ಟರಲ್ಲಿ ಕೆಟ್ಟುಹೋಗಿದೆ. "ಅನುಮಾನಂ ಪೆನುಭೂತಂ", ಅನುಮಾನವೇ ದೊಡ್ಡ ಭೂತ, ಎಂದು ನಮ್ಮ ತೆಲುಗು ಗುಮಾಸ್ತ ಎಚ್ಚರಿಸಿದ. ಆದರೆ ಹೊಗೆ ದಿನದಿನಕ್ಕೂ ಹೆಚ್ಚುತ್ತಿತ್ತು. ಕೋರ್ಟಿನಿಂದ ಮನೆಗೆ ಬಂದರೆ ಹಿತ್ತಲ ನೆಲ ಒದ್ದೆ. ಮಣ್ಣಿನಲ್ಲಿ ನಮ್ಮ ಮನೆಯವಲ್ಲದ ಹೆಜ್ಜೆಗಳು. ಅವುಗಳ ಪಕ್ಕ ದುಂಡಗಿನ ಗುರುತುಗಳು. ಗುಂಡಿಯ ಒಂದು ಮೂಲೆಗೆ ತಗಡು ಮುಚ್ಚಿತ್ತು. ಕೇಳಿದರೆ ನೀಲಮ್ಮ, "ಗೋಡೆಗೆ ನೀರ ಹೊಡದಾರ" ಎಂದಳು. ಕೆಲಸಗಾರರೇ ಇಲ್ಲದೆ ಗೋಡೆಗೆ ನೀರು ಹೊಡೆದವರು ಯಾರು? ಒಂದು ಮಧ್ಯಾಹ್ನ ಬೇಗ ಬಂದೆ. ಈರಣ್ಣ ಮತ್ತು ನೀಲಮ್ಮ ಗುಂಡಿಯ ಅಂಚಿನಲ್ಲಿ ತಗ್ಗು ದನಿಯಲ್ಲಿ ಮಾತಾಡುತ್ತಿದ್ದವರು ನನ್ನನ್ನು ಕಂಡು ಸುಮ್ಮನಾದರು. ಅವಳು ಚಹಾ ಮಾಡಲು ಹೋದಳು. ಅವನು ಒಂದು ಆಣೆ ಇಟ್ಟು ಹೊರಟುಹೋದ.

ಮುಂದಿನ ಭಾನುವಾರ ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಮೊದಲು ಕುರುಗೋಡಿನಲ್ಲಿ ಇಳಿದು ಕಲ್ಲು ಒಡೆಸುವ ಯಜಮಾನನನ್ನು ಹಿಡಿದೆ. ಚಪ್ಪಡಿಗಳು ಸಾಲಾಗಿ ಬಿಸಿಲು ಕಾಯುತ್ತ ಬಿದ್ದಿದ್ದವು.

"ಇವು ಯಾರವು?" ಎಂದೆ.

"ಬಳ್ಳಾರಿ ವಕೀಲ್ರವು. ಮನಿಯವ್ರೇ ಸದ್ಯ ಬ್ಯಾಡ ಅಂದಾರಂತ, ಈರಣ್ಣ ತಡದಾನ."

"ನಾನೇ ಆ ವಕೀಲ. ನಾನು ಬ್ಯಾಡ ಅಂದಿಲ್ಲ."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾದ್ರ ಮನಿಯಾಗ ಇನ್ನ ಯಾರರ ಇರಬೇಕಲ್ರಿ" ಎಂದ.

ಅದು ಅಧಿಕಪ್ರಸಂಗವೆನಿಸಿತು. ಮುಂದಿನ ಬಸ್ಸಿಗೆ ಸಿರುಗುಪ್ಪ ತಲುಪಿದೆ. ಈರಣ್ಣನ ಮನೆಯ ಅಂಗಳಕ್ಕೆ ಕಾಲಿಟ್ಟರೆ, ಎದುರಿಗೇ ಹೊಸದಾಗಿ ಕಟ್ಟಿದ ದನದ ತೊಟ್ಟಿ. ಗಿಲಾವು ಕನ್ನಡಿಯಂತೆ ನುಣುಪು. ಒಂದು ಎಮ್ಮೆ ನನ್ನ ಈಜುಕೊಳದ ತಳಕ್ಕೆ ಮೂತಿಯಿಟ್ಟು ನೆಮ್ಮದಿಯಾಗಿ ನೀರು ಕುಡಿಯುತ್ತಿತ್ತು. ಬದುಕಿನಲ್ಲಿ ಇಷ್ಟು ಗಟ್ಟಿಯಾದ ಸಾಕ್ಷ್ಯ ನನಗೆ ಯಾವ ಮೊಕದ್ದಮೆಯಲ್ಲೂ ಸಿಕ್ಕಿರಲಿಲ್ಲ.

"ಇದು ನನ್ನ ಸಿಮೆಂಟು" ಎಂದೆ.

ಈರಣ್ಣ ಆಣೆ ಇಡಲಿಲ್ಲ. ಅದರಿಂದಲೇ ನಿಜ ಹೇಳುತ್ತಾನೆಂದು ತಿಳಿಯಿತು.

"ಹೌದ್ರಿ ಸಾಹೇಬ್ರ. ನಿಮ್ದೇ ಐತಿ. ಚೀಲದಾಗ ಕಲ್ಲಾಗಿ ಕುಂತ್ರ ನಿಮಗೇನು ಲಾಭ, ನನಗೇನು ಲಾಭ? ಎಮ್ಮಿಗರ ಆತು."

"ದಾವಾ ಹಾಕ್ತೀನಿ. ಕೆಲಸ ನಿಲ್ಲಿಸಿದ್ದಕ್ಕ ಒಂದು, ಇದಕ್ಕ ಒಂದು."

"ಎಮ್ಮಿ ತೊಟ್ಟಿಗೆ ಹಾಕ್ರಿ, ತಪ್ಪು ನಂದು. ಕೆಲಸ ನಿಂತಿದ್ದಕ್ಕ ಹಾಕಿದ್ರ ಮಾತ್ರ ನಾನು ಅಕ್ಕಾರನ್ನ ಸಾಕ್ಷಿಗೆ ಕರಸ್ತೀನಿ. ತಳಕ್ಕ ಸಿಮೆಂಟ್ ಹಾಕಬ್ಯಾಡ ಅಂದವ್ರು ಅವ್ರು. ಯಾಕಂತ ಅವರನ್ನ ಕೇಳ್ರಿ. ನಾನು ಹೇಳಂಗಿಲ್ಲಂತ ಮಾತು ಕೊಟ್ಟೀನಿ."

ಕಳ್ಳನೂ ಮಾತು ಉಳಿಸಿಕೊಳ್ಳುತ್ತಾನೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಎದೆಯಲ್ಲಿ ಸಿಟ್ಟಿಗಿಂತ ಒಂದು ಬಗೆಯ ಹೆದರಿಕೆಯಿತ್ತು. ನಾನು ಸಂತೋಷಪಡಿಸಬೇಕೆಂದುಕೊಂಡವಳೇ ಅದನ್ನು ತಡೆದಿದ್ದಾಳೆ. ಕೊಳ ಬೇಡವೆನಿಸಿತೋ, ಕೊಟ್ಟವನೇ ಬೇಡವಾದನೋ? ಕಿಟಕಿಯಾಚೆ ಎರೆಹೊಲಗಳು ಹಿಂದೆ ಸರಿಯುತ್ತಿದ್ದವು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಹಿತ್ತಲ ಬಾಗಿಲು ತೆರೆದಿತ್ತು. ಒಳಗೆ ಓಣಿಯ ಹೆಂಗಸರು ಕೊಡಗಳನ್ನು ಇಟ್ಟುಕೊಂಡು ಸಾಲಾಗಿ ನಿಂತಿದ್ದರು. ಮೂಲೆಯ ತಗಡು ಸರಿದಿತ್ತು. ನೀಲಮ್ಮ ಗುಂಡಿಗಿಳಿದು ಬಗ್ಗಿ ಚೊಂಬಿನಿಂದ ನೀರು ಮೊಗೆದು ಕೊಡುತ್ತಿದ್ದಳು. ನನ್ನನ್ನು ಕಂಡು ಹೆಂಗಸರು ಸೆರಗು ಎಳೆದುಕೊಂಡು ಚದುರಿದರು. ಪಕ್ಕದ ಮನೆಯ ಹುಸೇನಬೀ ಮಾತ್ರ ತುಂಬಿದ ಕೊಡ ಎತ್ತಿಕೊಂಡೇ, "ವಕೀಲ ಸಾಬ್, ನಿಮ್ಮ ಮನಿ ನೀರಾಗ ಬ್ಯಾಳಿ ಬೆಣ್ಣಿ ಆದಂಗ ಆಗ್ತದ" ಎಂದು ಹೇಳಿ ಹೋದಳು.

ನೀಲಮ್ಮ ಮೇಲೆ ಬರಲಿಲ್ಲ. ಚೊಂಬನ್ನು ನನ್ನ ಕಡೆ ಚಾಚಿದಳು. ಕುಡಿದೆ. ಸಿಹಿನೀರು.

"ತಳ ಅಗಿಯುವಾಗ ಸೆಲಿ ಸಿಕ್ತು" ಎಂದಳು. "ಸುತ್ತೆಲ್ಲಾ ಸವುಳು, ಇಲ್ಲೊಂದ ಸಿಹಿ. ಸಿಮೆಂಟ್ ಹಾಕಿದ್ರ ಮುಚ್ಚಿ ಹೋಗ್ತಿತ್ತು."

"ನನಗೊಂದು ಮಾತು ಹೇಳಬಾರದಿತ್ತೇನು?"

"ಹೇಳಿದ್ರ ನೀವು ವಾದ ಮಾಡ್ತಿದ್ರಿ. ನೀಲಿ ಟೈಲು ಅಂತಿದ್ರಿ, ವಕೀಲರ ಮುಂದ ಮರ್ಯಾದಿ ಅಂತಿದ್ರಿ. ವಾದದಾಗ ನಾನು ಸೋಲ್ತಿದ್ದೆ. ನಾನು ಸೋತಿದ್ರ ಏನಿಲ್ಲ, ಸೆಲಿ ಹೋಗ್ತಿತ್ತು."

"ನಿನಗಂತನೇ ಕಟ್ಟಸಾಕತ್ತಿದ್ದೆ."

"ಗೊತ್ತೈತಿ" ಎಂದಳು ಮೆಲ್ಲಗೆ. "ಆದ್ರ ಹೆಂಗಿರಬೇಕಂತ ಒಮ್ಮಿಯಾರ ನನ್ನ ಕೇಳಿದ್ರೇನು?"

ಗುಂಡಿಯ ಅಂಚಿನಲ್ಲಿ ಕೂತು, "ಈಗ ಕೇಳ್ತೀನಿ. ಹೆಂಗಿರಬೇಕು?" ಎಂದೆ.

ಅವಳು ಬೆರಳಿನಿಂದ ಹಸಿಮಣ್ಣಿನ ಮೇಲೆ ಗೆರೆ ಎಳೆದು ತೋರಿಸಿದಳು. ಸೆಲೆಯ ಮೂಲೆಗೆ ಅಡ್ಡಗೋಡೆ ಹಾಕಿ ಪುಟ್ಟ ಬಾವಿ ಮಾಡಬೇಕು, ಅದು ಓಣಿಗೆ. ಓಣಿಯ ಕಡೆಯಿಂದ ಅದಕ್ಕೆ ಬೇರೆ ಬಾಗಿಲು. ಅಲ್ಲಿ ಉಕ್ಕಿ ಹರಿದದ್ದು ದೊಡ್ಡ ಗುಂಡಿಗೆ ಬೀಳಬೇಕು, ಅದು ಅವಳಿಗೆ. ತಳ ಮಣ್ಣಿನದೇ ಇರಲಿ, ಹೊಳೆಗೇನು ಟೈಲು ಹಾಸಿರುತ್ತಾರೆಯೇ?

ನನ್ನ ಅನುಮಾನ ಸುಳ್ಳಾಯಿತೆಂದು ನೀವು ತೀರ್ಪು ಕೊಡುವ ಮೊದಲು ಒಂದು ಮಾತು. ಸಿಮೆಂಟು ಕದ್ದವನು ಈರಣ್ಣನೇ. ಹೊಗೆಯಿತ್ತು, ಬೆಂಕಿಯೂ ಇತ್ತು. ಇನ್ನೊಂದು ಬೆಂಕಿ ನನ್ನದೇ ಅಡುಗೆಮನೆಯಲ್ಲಿತ್ತು, ಅಷ್ಟೆ. ಎಮ್ಮೆಯ ತೊಟ್ಟಿಯನ್ನು ಅಗೆದು ತರುವಂತಿರಲಿಲ್ಲ. ಅದಕ್ಕೆ ಬದಲಾಗಿ ಈರಣ್ಣ ಕುರುಗೋಡಿನ ಕಲ್ಲನ್ನು ತನ್ನ ಬಂಡಿಯಲ್ಲೇ ತಂದು, ಸುಣ್ಣದ ಗಾರೆಯಲ್ಲಿ ಅಡ್ಡಗೋಡೆ, ಮೆಟ್ಟಿಲು ಎಲ್ಲ ಕಟ್ಟಿಕೊಟ್ಟ. ಅಷ್ಟು ದಿನವೂ ನಾನು ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದೆ. ನಂಬಿಕೆ ಬೇರೆ, ಕಾವಲು ಬೇರೆ. ವಕೀಲರ ಸಂಘದವರು ಬಂದು ನೋಡಿ, "ಈಜುಕೊಳ ಅಂದ್ರಿ, ಇದು ಬಾವಿಯಲ್ಲೇನ್ರಿ?" ಎಂದರು. ಅವರಿಗೆ ಒಂದೊಂದು ಲೋಟ ನೀರು ಕೊಟ್ಟು ಬಾಯಿ ಮುಚ್ಚಿಸಿದೆ.

ಗುಂಡಿ ತುಂಬಲು ಬಹಳ ದಿನ ಹಿಡಿಯಿತು. ತುಂಬಿದ ಮೇಲೆ ಒಂದು ಬೆಳಿಗ್ಗೆ ನೀಲಮ್ಮ ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ, ತುರುಬು ಬಿಗಿದು, ಮೆಟ್ಟಿಲಿಳಿದಳು. ನನ್ನನ್ನು ಒಮ್ಮೆ ನೋಡಿ ಮುಳುಗಿದಳು. ನೀರು ಕೂಡಿಕೊಂಡಿತು. ಅವಳು ಏಳಲಿಲ್ಲ. ನಾನು ಎದ್ದು ನಿಂತೆ. ಕೂಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆಚೆ ಮೂಲೆಯಲ್ಲಿ ತಲೆಯೆತ್ತಿ, ಮುಖದ ಮೇಲಿನ ನೀರು ಒರೆಸಿಕೊಂಡು, ಗಂಟಲು ಬಿಚ್ಚಿ ನಕ್ಕಳು. ಆ ನಗೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಇಷ್ಟು ವರ್ಷ ನನಗೆ ಊಟಕ್ಕೆ ಬಡಿಸಿದವಳು, ನನ್ನ ಕೋಟಿಗೆ ಗುಂಡಿ ಹಚ್ಚಿಕೊಟ್ಟವಳು ಇವಳೇ ಹೌದೋ ಅಲ್ಲವೋ ಎಂದು ಒಂದು ಅನುಮಾನ ಬಂತು. ಅದು ಇನ್ನೂ ಬಗೆಹರಿದಿಲ್ಲ. ಬಗೆಹರಿಯಲಿ ಎಂಬ ಆಸೆಯೂ ನನಗಿಲ್ಲ.